ಮರೆಯಲ್ಲಿರುವ ತುರುಬು

ತುರುಬಿನಲ್ಲಿ ಎರಡು ಬಗೆ. ನಾಲ್ಕು ಜನ ಕಾಣಲೆಂದು ಕಟ್ಟುವುದು ಒಂದು. ಮರೆಯಲ್ಲಿರಲೆಂದು ಕಟ್ಟುವುದು ಇನ್ನೊಂದು. ಮೊದಲನೆಯದಕ್ಕೆ ಮಲ್ಲಿಗೆಯ ದಂಡೆ ಬೇಕು, ಕೆಲವೊಮ್ಮೆ ಚೌರಿಯೂ ಬೇಕು. ನೋಡಿದವರು ಮೆಚ್ಚಿದರೆ ಅದರ ಕೆಲಸ ಮುಗಿಯಿತು. ಎರಡನೆಯದನ್ನು ಯಾರೂ ನೋಡರು. ಆದರೆ ಅದು ಬೆಳಗಿನಿಂದ ಸಂಜೆಯವರೆಗೆ ದುಡಿಯಬೇಕು. ಮೇಲಿನ ಬಟ್ಟೆ ಜಾರದಂತೆ ಹಿಡಿಯಬೇಕು, ನೆತ್ತಿಗೆ ಭಾರವಾಗಬಾರದು, ಒಳಗೆ ಬೆವರು ನಿಲ್ಲಗೊಡಬಾರದು. ಈ ಎರಡನೆಯ ತುರುಬಿನ ವಿಷಯವಾಗಿ ನಾಲ್ಕು ಮಾತು ಹೇಳುವುದು ಈ ಲೇಖನದ ಉದ್ದೇಶ.

ತಲೆಯ ಮೇಲೆ ಬಟ್ಟೆ ಹೊದೆಯುವ ರೂಢಿ ನಮ್ಮ ನಾಡಿನಲ್ಲಿ ಒಂದೇ ತೆರನಾಗಿಲ್ಲ. ಉತ್ತರ ಕರ್ನಾಟಕದಲ್ಲಿ ಇಳಕಲ್ ಸೀರೆಯ ಸೆರಗು ತಲೆಯ ಮೇಲೆ ಬರುತ್ತದೆ. ಅಲ್ಲಿ ತುರುಬು ತಲೆಯ ಹಿಂಭಾಗದ ನಡುವೆ ಇದ್ದರೆ ಸೆರಗು ಅದರ ಮೇಲೆ ಆತು ನಿಲ್ಲುತ್ತದೆ. ಬಗ್ಗಿ ಕೆಲಸ ಮಾಡುವಾಗಲೂ ಜಾರುವುದು ಕಡಿಮೆ. ಕೊಡಗಿನ ಸ್ತ್ರೀಯರು ತಲೆಗೆ ವಸ್ತ್ರವನ್ನು ಬಿಗಿದು ಹಿಂದುಗಡೆ ಗಂಟು ಹಾಕುವುದುಂಟು. ಅದಕ್ಕೆ ಕತ್ತಿನ ಬಳಿಯ ತಗ್ಗಿನ ತುರುಬು ಹೊಂದುತ್ತದೆ. ಮುಸ್ಲಿಂ ಮಹಿಳೆಯರಲ್ಲಿ ಅನೇಕರು ತುರುಬಿನ ಮೇಲೆ ಹತ್ತಿಯ ತೆಳುವಾದ ಟೋಪಿ ಹಾಕಿಕೊಂಡು ಅದರ ಮೇಲೆ ಓಢಣಿ ಸುತ್ತುತ್ತಾರೆ. ಟೋಪಿಯೇ ಓಢಣಿಯನ್ನು ಹಿಡಿದುಕೊಳ್ಳುವುದರಿಂದ ತುರುಬನ್ನು ಬಿಗಿಯುವ ಅಗತ್ಯ ಬೀಳುವುದಿಲ್ಲ.

ಇದು ಹೆಂಗಸರ ವಿಷಯ ಮಾತ್ರವೂ ಅಲ್ಲ. ಬೀದರಿನ ನಾನಕ್ ಝೀರಾ ಗುರುದ್ವಾರಕ್ಕೆ ಹೋದವರು ಸಿಖ್ ಪುರುಷರ ಮುಂಡಾಸನ್ನು ಕಂಡಿರುತ್ತಾರೆ. 1699ರಲ್ಲಿ ಗುರು ಗೋವಿಂದಸಿಂಹರು ಆನಂದಪುರದಲ್ಲಿ ಖಾಲ್ಸಾ ಪಂಥವನ್ನು ಸ್ಥಾಪಿಸಿದಾಗ ಮುಂದೆ ಬಂದ ಐವರಲ್ಲಿ ಭಾಯಿ ಸಾಹಿಬ್ ಸಿಂಹರು ಬೀದರಿನವರೆಂದು ಸಿಖ್ ಪರಂಪರೆ ಹೇಳುತ್ತದೆ. ಕತ್ತರಿಸದ ಕೂದಲನ್ನು ಬಾಚಿ, ನೆತ್ತಿಯ ಮೇಲೆ ಸುರುಳಿ ಸುತ್ತಿ, 'ಜೂಡಾ' ಕಟ್ಟಿ, ಮರದ ಚಿಕ್ಕ ಬಾಚಣಿಗೆಯೊಂದನ್ನು ಅದರೊಳಗೆ ಸಿಕ್ಕಿಸಿ, ಅನಂತರ ಮುಂಡಾಸು ಸುತ್ತುವುದು ಅವರ ಕ್ರಮ. ಚಿಕ್ಕ ಹುಡುಗರು ಮುಂಡಾಸಿನ ಬದಲು 'ಪಟ್ಕಾ' ಎಂಬ ಚೌಕಬಟ್ಟೆಯನ್ನು ಕಟ್ಟುತ್ತಾರೆ.

ರೂಢಿಗಳು ಬೇರೆಯಾದರೂ ತಲೆಯ ಚರ್ಮ ಎಲ್ಲರಿಗೂ ಒಂದೇ. ನಮ್ಮ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿವೆ. ಒಂದೊಂದೂ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರುವುದು ಸಹಜ; ಬಾಚಣಿಗೆಯಲ್ಲಿ ನಾಲ್ಕು ಎಳೆ ಕಂಡೊಡನೆ ಗಾಬರಿಯಾಗಬೇಕಿಲ್ಲ. ಕಣ್ಣಿಗೆ ಕಾಣುವ ಕೂದಲಿಗೆ ಜೀವವಿಲ್ಲ, ಅದನ್ನು ಕತ್ತರಿಸಿದರೂ ನೋಯುವುದಿಲ್ಲ. ಜೀವವಿರುವುದು ಚರ್ಮದೊಳಗಿನ ಬುಡದಲ್ಲಿ. ಬಿಗಿಯಾದ ತುರುಬು ಎಳೆಯುವುದು ಈ ಬುಡವನ್ನೇ.

ಒಂದು ದಿನ ಎಳೆದರೆ ಏನೂ ಆಗದು. ವರ್ಷಗಟ್ಟಲೆ ಒಂದೇ ಕಡೆಗೆ ಎಳೆಯುತ್ತಿದ್ದರೆ ಬುಡದ ಸುತ್ತ ಉರಿಯೂತವಾಗುತ್ತದೆ, ಕೂದಲು ತೆಳ್ಳಗಾಗುತ್ತದೆ, ಕಡೆಗೆ ಉದುರುತ್ತದೆ. ಹೆಚ್ಚು ಎಳೆತ ಬೀಳುವ ಹಣೆಯ ಅಂಚು ಮತ್ತು ಕಣತಲೆಗಳಲ್ಲಿ ಇದು ಮೊದಲು ಕಾಣಿಸಿಕೊಳ್ಳುತ್ತದೆ. 1907ರಷ್ಟು ಹಿಂದೆಯೇ ಗ್ರೀನ್‌ಲ್ಯಾಂಡಿನ ಹೆಂಗಸರಲ್ಲಿ, ಕೂದಲನ್ನು ಬಿಗಿಯಾಗಿ ಎಳೆದು ಕಟ್ಟುತ್ತಿದ್ದುದರಿಂದ ಹೀಗಾಗುವುದನ್ನು ಗುರುತಿಸಲಾಗಿತ್ತು. ಸಿಖ್ ಪುರುಷರಲ್ಲಿಯೂ ವೈದ್ಯರು ಇದನ್ನು ಕಂಡಿದ್ದಾರೆ.

ಇದರಲ್ಲಿ ತಿಳಿಯಬೇಕಾದ ಮುಖ್ಯ ಸಂಗತಿ ಒಂದಿದೆ. ಆರಂಭದಲ್ಲಿಯೇ ತುರುಬನ್ನು ಸಡಿಲಿಸಿದರೆ ಕೂದಲು ಮತ್ತೆ ಹುಟ್ಟುತ್ತದೆ. ಬಹುಕಾಲ ಹಾಗೆಯೇ ಬಿಟ್ಟರೆ ಬುಡವಿದ್ದ ಜಾಗದಲ್ಲಿ ಗಾಯದ ಕಲೆಯಂಥ ಗಟ್ಟಿ ಅಂಗಾಂಶ ಬೆಳೆಯುತ್ತದೆ. ಅನಂತರ ಯಾವ ಎಣ್ಣೆಯಿಂದಲೂ ಅಲ್ಲಿ ಕೂದಲು ಬರುವುದಿಲ್ಲ. ತೆರೆದ ತಲೆಯಾದರೆ ಮನೆಯವರಾದರೂ "ಏಕಮ್ಮ, ಹಣೆ ಅಗಲವಾಗಿದೆಯಲ್ಲ!" ಎಂದಾರು. ಸೆರಗಿನ ಕೆಳಗಿನ ತಲೆಯನ್ನು ಹಾಗೆ ಹೇಳುವವರಿಲ್ಲ. ಆದುದರಿಂದ ತಲೆಗೆ ಹೊದೆಯುವವರು ತಿಂಗಳಿಗೊಮ್ಮೆಯಾದರೂ ಬೆಳಕಿನಲ್ಲಿ ಕನ್ನಡಿ ಹಿಡಿದು ಹಣೆಯಂಚನ್ನು ನೋಡಿಕೊಳ್ಳಬೇಕು. ಕೂದಲಿನ ಬುಡದಲ್ಲಿ ನೋವು, ಸಣ್ಣ ಗುಳ್ಳೆಗಳು, ತುರುಬು ಬಿಚ್ಚಿದೊಡನೆ ಇಳಿಯುವ ತಲೆನೋವು, ಇವು ಮುನ್ಸೂಚನೆಗಳು. ಕೂದಲು ತೆಳುವಾಗಿದ್ದರೆ ಚರ್ಮವೈದ್ಯರಿಗೆ ತೋರಿಸುವುದೇ ಸರಿ.

ಹಾಗಾದರೆ ಸಡಿಲವೂ ಆಗಿರಬೇಕು, ಬಿಚ್ಚಿಯೂ ಹೋಗಬಾರದು. ಇದು ಹೇಗೆ ಸಾಧ್ಯ? ಉಪಾಯ ಹೆಣಿಗೆಯಲ್ಲಿದೆ. ಕೂದಲನ್ನು ಬರಿದೆ ತಿರುಚಿ ಸುತ್ತಿದ ತುರುಬು ಬಿಚ್ಚಿಕೊಳ್ಳಲು ನೋಡುತ್ತಿರುತ್ತದೆ, ಆದ್ದರಿಂದ ಬಿಗಿಯಬೇಕಾಗುತ್ತದೆ. ಜಡೆ ಹೆಣೆದು ಸುತ್ತಿದರೆ ಮೂರು ಕಾಲುಗಳೂ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ತುರುಬು ಚಪ್ಪಟೆಯಾಗಿಯೂ ಕೂರುತ್ತದೆ.

ಮೊದಲು ಕೂದಲು ಪೂರ್ತಿ ಒಣಗಲಿ. ಒದ್ದೆ ಕೂದಲು ಎಳೆದಷ್ಟೂ ಹಿಗ್ಗುತ್ತದೆ, ಬೇಗ ತುಂಡಾಗುತ್ತದೆ. ಮೇಲಾಗಿ ಎಣ್ಣೆಜಿಡ್ಡು, ತೇವ, ಬಟ್ಟೆಯ ಮರೆ ಮೂರೂ ಸೇರಿದರೆ ತಲೆಹೊಟ್ಟು ಉಲ್ಬಣಿಸಲು ಅನುಕೂಲ. ಎಣ್ಣೆನೀರು ಹಾಕಿಕೊಂಡ ದಿನ ಹೊರಡುವ ಆತುರವಿದ್ದರೆ ಹಿಂದಿನ ಸಂಜೆಯೇ ತಲೆ ತೊಳೆದು ಒಣಗಿಸಿಕೊಳ್ಳುವುದು ಲೇಸು. ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯ ಸಿಕ್ಕನ್ನು ಮೊದಲು ಬಿಡಿಸಿ, ಕ್ರಮವಾಗಿ ಮೇಲಕ್ಕೆ ಬರಬೇಕು. ಅನಂತರ ಹಿಂದಕ್ಕೆ ಕೂಡಿಸಿ, ಬುಡದಲ್ಲಿ ರಬ್ಬರ್ ಹಾಕದೆ, ಸಡಿಲವಾಗಿ ಜಡೆ ಹೆಣೆಯಿರಿ. ಅದನ್ನು ಚಕ್ಕುಲಿಯಂತೆ ಸುತ್ತಿ, ತುದಿಯನ್ನು ಒಳಕ್ಕೆ ಸೇರಿಸಿ, ಎರಡು ಕಾಲಿನ ಪಿನ್ನುಗಳನ್ನು ನಾಲ್ಕೈದು ಕಡೆ ಚುಚ್ಚಿ. ಪಿನ್ನು ಸುರುಳಿಯ ಹೊರ ಅಂಚನ್ನೂ ಕೆಳಗಿನ ಕೂದಲನ್ನೂ ಒಟ್ಟಿಗೆ ಹಿಡಿದು ತುರುಬಿನ ನಡುವಿಗೆ ಸರಿಯಬೇಕು, ತಲೆಗೆ ಒತ್ತಬಾರದು.

ಕಟ್ಟಿಯಾದ ಮೇಲೆ ಹುಬ್ಬನ್ನು ಒಮ್ಮೆ ಮೇಲಕ್ಕೇರಿಸಿ ನೋಡಿ. ಹಣೆಯ ಅಂಚಿನಲ್ಲಿ ಸೆಳೆತ ತಿಳಿದರೆ ಎರಡು ಬೆರಳಿನಿಂದ ಅಲ್ಲಿಯ ಕೂದಲನ್ನು ತುಸು ಮುಂದಕ್ಕೆ ಬಿಡಿಸಿಕೊಳ್ಳಿ. ತುರುಬಿನ ಜಾಗವನ್ನು ಆಗಾಗ ಒಂದೆರಡು ಬೆರಳಿನಷ್ಟು ಮೇಲೆ ಕೆಳಗೆ ಬದಲಿಸಿದರೆ ಒಂದೇ ಸ್ಥಳಕ್ಕೆ ಶ್ರಮವಾಗದು. ಮನೆಗೆ ಬಂದ ಮೇಲೆ ಬಿಚ್ಚಿ ಗಾಳಿಯಾಡಲು ಬಿಡಿ. ರಾತ್ರಿ ಸಡಿಲವಾದ ಒಂದು ಜಡೆ ಸಾಕು. ನೆತ್ತಿಯ ಮೇಲೆಯೇ ಕಟ್ಟುವ ನಿಯಮವುಳ್ಳವರೂ ಎಳೆತವನ್ನು ಕಡಿಮೆ ಮಾಡಿಕೊಳ್ಳಬಹುದು. ಶಾಲೆಗೆ ಹೋಗುವ ಮಕ್ಕಳ ತಲೆಯನ್ನು ಸಂಜೆಯವರೆಗೆ ಬಿಚ್ಚದಂತೆ ಬಿಗಿದು ಕಟ್ಟುವುದು ತಾಯಂದಿರ ಅಕ್ಕರೆಯೇ ಸರಿ. ಆದರೆ ಆ ಅಕ್ಕರೆ ಮಗುವಿನ ಹಣೆಯನ್ನು ನೋಯಿಸಬಾರದು.

ಇನ್ನು ಹೊಸಗಾಲದ ತಲೆಹೊದಿಕೆಯಾದ ಹೆಲ್ಮೆಟ್ಟಿನ ವಿಷಯ. ದ್ವಿಚಕ್ರ ವಾಹನದಲ್ಲಿ ಹೋಗುವವರು ಇದನ್ನು ಧರಿಸಬೇಕೆಂದು 1988ರ ಮೋಟಾರು ವಾಹನ ಕಾಯಿದೆಯ 129ನೆಯ ಪ್ರಕರಣ ಹೇಳುತ್ತದೆ. ಮುಂಡಾಸು ಧರಿಸಿದ ಸಿಖ್ಖರಿಗೆ ವಿನಾಯಿತಿ ಇದೆ. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂದೆ ಕೂರುವವರಿಗೂ ಇದು ಕಡ್ಡಾಯವಾಯಿತು. ಮದುವೆಗೋ ದೇವಸ್ಥಾನಕ್ಕೋ ತುರುಬು ಕಟ್ಟಿ ಹೂ ಮುಡಿದು ಹೊರಟ ಗೃಹಿಣಿಗೆ ಅಂದಿನಿಂದ ಒಂದು ಧರ್ಮಸಂಕಟ. ಹೂವು ಬಾಡೀತೆಂದು ಕೆಲವರು ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಾರೆ. ಕೆಲವರು ತುರುಬಿನ ಮೇಲೆಯೇ ಕವುಚಿಕೊಳ್ಳುತ್ತಾರೆ. ಎರಡೂ ಅಪಾಯವೇ.

ಹೆಲ್ಮೆಟ್ಟಿನ ಹೊರಚಿಪ್ಪು ಪೆಟ್ಟನ್ನು ಅಗಲಕ್ಕೆ ಹರಡುತ್ತದೆ. ಒಳಗಿನ ಗಟ್ಟಿ ನೊರೆಯ ಪದರ ನಜ್ಜುಗುಜ್ಜಾಗಿ ಪೆಟ್ಟಿನ ಬಲವನ್ನು ತಾನು ನುಂಗುತ್ತದೆ. ಈ ಪದರ ತಲೆಗೆ ಸುತ್ತಲೂ ಸಮನಾಗಿ ಹೊಂದಿಕೊಂಡಿದ್ದರೆ ಮಾತ್ರ ಪೂರ್ಣ ಪ್ರಯೋಜನ. ಕೆಳಗೆ ತುರುಬಿದ್ದರೆ ಹೆಲ್ಮೆಟ್ಟು ಓರೆಯಾಗಿ ಕೂರುತ್ತದೆ, ಕಣ್ಣಿಗೆ ಅಡ್ಡ ಬರುತ್ತದೆ, ಬಿದ್ದಾಗ ಕಳಚಿಹೋಗುವ ಭಯವೂ ಇದೆ. ಒಳಗಿನ ಪಿನ್ನು ನೆತ್ತಿಗೆ ಚುಚ್ಚಬಹುದು. ಆದುದರಿಂದ ಹೆಲ್ಮೆಟ್ಟಿನೊಳಗೆ ತುರುಬು ಬೇಡ. ಕತ್ತಿನ ಬಳಿ ಸಡಿಲವಾದ ಜಡೆ ಹೆಣೆದು, ತುದಿಯನ್ನು ಕೋಟಿನ ಅಥವಾ ರವಿಕೆಯ ಒಳಗೆ ಸೇರಿಸಿಕೊಳ್ಳಿ. ಗಾಳಿಗೆ ಹಾರುವ ಜಡೆಯಾಗಲಿ ಸೆರಗಾಗಲಿ ಚಕ್ರಕ್ಕೆ ಸಿಕ್ಕಬಾರದು. ಪಟ್ಟಿ ಬಿಗಿದ ಮೇಲೆ ಕೈಯಿಂದ ಅಲುಗಿಸಿದರೆ ಹೆಲ್ಮೆಟ್ಟಿನೊಡನೆ ಹಣೆಯ ಚರ್ಮವೂ ಅಲುಗಬೇಕು. ಅದೇ ಸರಿಯಾದ ಅಳತೆ. ಪಿನ್ನು, ಹೂವು ಎರಡನ್ನೂ ಡಬ್ಬಿಯಲ್ಲಿಟ್ಟು ಒಯ್ಯಿರಿ. ಆ ಜಡೆಯನ್ನೇ ಸುತ್ತಿ ತುರುಬು ಮಾಡಲು ಮದುವೆಮನೆಯಲ್ಲಿ ಐದು ನಿಮಿಷ ಸಾಕು.

ಮರೆಯಲ್ಲಿರುವ ತುರುಬನ್ನು ಯಾರೂ ಹೊಗಳುವುದಿಲ್ಲ, ನಿಜ. ಸಂಜೆ ಬಿಚ್ಚಿದಾಗ ತಲೆ ಹಗುರಾಯಿತೆಂದು ಅನಿಸದಿದ್ದರೆ, ಅಂದರೆ ದಿನವೆಲ್ಲ ಅದು ಹಗುರವಾಗಿಯೇ ಇದ್ದಿದ್ದರೆ, ತುರುಬನ್ನು ಚೆನ್ನಾಗಿ ಕಟ್ಟಿದ್ದೀರಿ ಎಂದು ತಿಳಿಯಬಹುದು.