ಕೆರಳುವ ಕರುಳು ಮತ್ತು ನಮ್ಮ ಊಟ

ಕೊಪ್ಪಳಕ್ಕೆ ಹೊಂದಿಕೊಂಡಿರುವ ಭಾಗ್ಯನಗರದಲ್ಲಿ ಮಗ್ಗದ ಮುಂದೆ ಕೂಡುವವರಿರಲಿ, ಕೂದಲು ಬಿಡಿಸುವವರಿರಲಿ, ಸುತ್ತಲಿನ ಹೊಲಗಳಲ್ಲಿ ದುಡಿಯುವವರಿರಲಿ, ಹಲವರ ದೂರು ಒಂದೇ: ಹೊಟ್ಟೆ ಉಬ್ಬರ, ನುಲಿತ, ಕೆಲವು ದಿನ ಮಲಬದ್ಧತೆ, ಕೆಲವು ದಿನ ಭೇದಿ. ಪರೀಕ್ಷೆ ಮಾಡಿಸಿದರೆ ಏನೂ ಸಿಗುವುದಿಲ್ಲ. ಏನೂ ಸಿಗದ್ದಕ್ಕೇ ಹೆದರಿ ದವಾಖಾನೆಯಿಂದ ದವಾಖಾನೆಗೆ ಅಲೆದು ಸಾಲ ಮಾಡಿಕೊಂಡವರೂ ಉಂಟು. ಇದು ಅನೇಕ ಸಲ ‘ಕೆರಳುವ ಕರುಳಿನ ತೊಂದರೆ’, ವೈದ್ಯರು ಹೇಳುವ ಐ.ಬಿ.ಎಸ್. ಆಗಿರುತ್ತದೆ.

ಇದರಲ್ಲಿ ಕರುಳಿಗೆ ಹುಣ್ಣಾಗಲಿ ಗಂಟಾಗಲಿ ಆಗಿರುವುದಿಲ್ಲ. ಕರುಳಿನ ಚಲನೆ ತಪ್ಪಿ, ಅದರ ನರಗಳು ಅತಿ ಸೂಕ್ಷ್ಮವಾಗಿರುತ್ತವೆ. ಮೂರು ತಿಂಗಳಿಂದ ವಾರಕ್ಕೆ ಒಂದು ದಿನವಾದರೂ ಹೊಟ್ಟೆನೋವು ಬಂದು, ಮಲವಿಸರ್ಜನೆಯೊಂದಿಗೆ ಅದು ಏರಿಳಿಯುತ್ತಿದ್ದರೆ ಈ ತೊಂದರೆ ಇರಬಹುದೆಂದು ವೈದ್ಯರು ಯೋಚಿಸುತ್ತಾರೆ. ಇದು ಕ್ಯಾನ್ಸರಿಗೆ ತಿರುಗುವುದಿಲ್ಲ.

ನಾನು ವೈದ್ಯನಲ್ಲ, ಆದರೆ ಕಾಳಿನ ವಿಷಯ ಹೇಳಬಲ್ಲೆ. ತೊಗರಿ, ಕಡಲೆ, ಹುರುಳಿ, ಅಲಸಂದಿಗಳಲ್ಲಿ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳಿವೆ. ಇವನ್ನು ಒಡೆಯುವ ಕಿಣ್ವ ಮನುಷ್ಯನ ಸಣ್ಣ ಕರುಳಿನಲ್ಲಿಲ್ಲ. ಅವು ಹಾಗೆಯೇ ದೊಡ್ಡ ಕರುಳಿಗೆ ಇಳಿದು, ಅಲ್ಲಿನ ಅಣುಜೀವಿಗಳಿಂದ ಹುದುಗಿ ವಾಯು ಏಳುತ್ತದೆ. ಎಲ್ಲರಿಗೂ ಹೀಗೆಯೇ, ಸೂಕ್ಷ್ಮ ಕರುಳಿನವರಿಗೆ ಮಾತ್ರ ನೋವಾಗುತ್ತದೆ. ಹಾಗೆಂದು ಬೇಳೆಯನ್ನೇ ಬಿಟ್ಟರೆ ಬಡವರ ಊಟದ ಸಸಾರಜನಕವೇ ಹೋಯಿತು. ಕಾಳನ್ನು ರಾತ್ರಿಯಿಡೀ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಮೆತ್ತಗೆ ಬೇಯಿಸಬೇಕು. ಈ ಸಕ್ಕರೆ ನೀರಿಗೆ ಇಳಿಯುತ್ತದೆ. ಮೊಳಕೆ ಬರುವಾಗ ಬೀಜವೇ ಅದನ್ನು ಬಳಸಿಕೊಳ್ಳುವುದರಿಂದ ಮೊಳಕೆ ಹೆಸರು ಬೇಯಿಸಿ ಉಂಡರೆ ಇನ್ನೂ ಹಗುರ.

ಉಳ್ಳಾಗಡ್ಡಿ, ಬಳ್ಳೊಳ್ಳಿ, ಗೋಧಿಗಳಲ್ಲಿರುವ ಫ್ರಕ್ಟಾನ್ ಸಹ ಇಂಥದ್ದೇ. ಅದು ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಬಳ್ಳೊಳ್ಳಿಯನ್ನು ಎಣ್ಣೆಯಲ್ಲಿ ಹುರಿದು ತುಣುಕುಗಳನ್ನು ತೆಗೆದುಹಾಕಿದರೆ ವಾಸನೆ ಉಳಿಯುತ್ತದೆ, ತೊಂದರೆ ಉಳಿಯುವುದಿಲ್ಲ. ಜೋಳದ ರೊಟ್ಟಿ, ಗಂಗಾವತಿಯ ಅನ್ನ ಸಾಮಾನ್ಯವಾಗಿ ಒಗ್ಗುತ್ತವೆ. ಹಾಲು ಆಗದವರು ಮೊಸರು ಉಂಡು ನೋಡಬಹುದು. ಸಂಜೆಯ ಮಿರ್ಚಿಯಲ್ಲಂತೂ ಕಡಲೆಹಿಟ್ಟು, ಮೆಣಸಿನಕಾಯಿ, ಕರಿದ ಎಣ್ಣೆ ಮೂರೂ ಒಟ್ಟಿಗೆ ಕುಳಿತಿವೆ!

ಯಾವುದು ನಿಮಗೆ ಒಗ್ಗದು? ಒಂದೇ ದಿನ ಯೂರಿಯಾ, ಸೂಪರ್, ಸತು ಎಲ್ಲವನ್ನೂ ಹಾಕಿದರೆ ಬೆಳೆ ಹಸಿರಾದದ್ದು ಯಾವುದರಿಂದ ಎಂದು ತಿಳಿಯದು. ಊಟದಲ್ಲೂ ಹಾಗೆಯೇ. ಅನುಮಾನದ ಪದಾರ್ಥಗಳನ್ನು ನಾಲ್ಕು ವಾರ ಬಿಟ್ಟು, ನಂತರ ಒಂದೊಂದನ್ನೇ ಮೂರು ಮೂರು ದಿನ ಉಂಡು, ಆದದ್ದನ್ನು ಬರೆದಿಡಿರಿ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ ಕ್ರಮವೂ ಇದೇ ದಾರಿಯದು. ಒಗ್ಗಿದ್ದನ್ನು ಮತ್ತೆ ಊಟಕ್ಕೆ ಸೇರಿಸಿರಿ, ಜೀವನಪೂರ್ತಿ ಬಿಡಬಾರದು.

ಊಟಕ್ಕೆ ನಿಶ್ಚಿತ ವೇಳೆ ಇರಲಿ. ಬರಿ ಹೊಟ್ಟೆಯಲ್ಲಿ ಚಹಾ, ತಂಬಾಕು ಬೇಡ. ಮಗ್ಗದವರು ದಿನಕ್ಕೆ ಅರ್ಧ ಗಂಟೆ ನಡೆಯಲಿ. ಮಲಬದ್ಧತೆಗೆ ಇಸಬ್‌ಗೋಲ್ ಒಂದು ಚಮಚದಿಂದ ಆರಂಭಿಸಿ, ಜೊತೆಗೆ ಸಾಕಷ್ಟು ನೀರು ಕುಡಿಯಬೇಕು. ಕತ್ತಲಾಗಲೆಂದು ಮಲ ತಡೆದು ಕೂಡುವ ಹೆಣ್ಣುಮಕ್ಕಳಿಗೆ ಯಾವ ಪಥ್ಯವೂ ಪೂರ್ತಿ ಫಲಿಸದು, ಮನೆಯಲ್ಲಿ ಶೌಚಾಲಯವಾಗಲೇಬೇಕು.

ಮಲದಲ್ಲಿ ರಕ್ತ, ತೂಕ ಇಳಿಯುವುದು, ಜ್ವರ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ನೋವು ಅಥವಾ ಭೇದಿ, ಐವತ್ತು ದಾಟಿದ ಮೇಲೆ ಹೊಸದಾಗಿ ಆರಂಭವಾದ ತೊಂದರೆ, ಇವಿದ್ದರೆ ಪಥ್ಯ ಮಾಡುತ್ತ ಕೂಡದೆ ವೈದ್ಯರನ್ನು ಕಾಣಿರಿ. ಭತ್ತಕ್ಕೆ ಔಷಧಿ ಹೊಡೆದ ದಿನ ಹೊಟ್ಟೆ ನುಲಿದು, ಬೆವರು, ಜೊಲ್ಲು, ಭೇದಿ ಆದರೆ ಅದು ವಿಷಬಾಧೆ. ಡಬ್ಬಿಯ ಚೀಟಿಯೊಂದಿಗೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಯಲಬುರ್ಗಾ, ಕುಷ್ಟಗಿ ಕಡೆಯವರಿಗೆ ಇನ್ನೊಂದು ಮಾತು. ಅಲ್ಲಿನ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಬಹುಕಾಲ ಕುಡಿದರೆ ಹಲ್ಲು, ಮೂಳೆಗಳಷ್ಟೇ ಅಲ್ಲ, ಹೊಟ್ಟೆಯೂ ಕೆಡಬಹುದು. ಉಬ್ಬರ, ನೋವು, ಮಲಬದ್ಧತೆ ಐ.ಬಿ.ಎಸ್.ನಂತೆಯೇ ಕಾಣುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗದು, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಪಥ್ಯ ಹಿಡಿಯುವ ಮುನ್ನ ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಿರಿ.