ಚಳಿ ತಡೆಯಲು ಕಿಂಡಿ ತೆರೆಯಿರಿ

ಸ್ಕಾಟ್ಲೆಂಡಿನ ಉತ್ತರ ಭಾಗದ ಆಲ್ಟ್‌ನಹಾರಾ ಎಂಬ ಪುಟ್ಟ ಊರಿನಲ್ಲಿ 1995ರ ಡಿಸೆಂಬರ್ 30ರಂದು ಉಷ್ಣಾಂಶ ಮೈನಸ್ 27.2 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಬ್ರಿಟನ್ನಿನಲ್ಲಿ ಅದಕ್ಕಿಂತ ಕೆಳಗಿನ ದಾಖಲೆ ಇಲ್ಲ. ಆದರೆ ಆ ಸೀಮೆಯಲ್ಲಿ ಚಳಿಗಾಲದಲ್ಲಿ ಕ್ಯಾಂಪರ್‌ವ್ಯಾನ್ ನಿಲ್ಲಿಸಿ ಮಲಗುವವರನ್ನು ಕಾಡುವುದು ಇಂಥ ಅಪರೂಪದ ಚಳಿಯಲ್ಲ. ಸೊನ್ನೆಯ ಆಸುಪಾಸಿನಲ್ಲೇ ಹೊಯ್ದಾಡುವ, ಜಿಟಿಜಿಟಿ ಮಳೆಯ, ಹದಿನೇಳು ಗಂಟೆ ಸೂರ್ಯನ ಮುಖ ಕಾಣದ ಸಾಧಾರಣ ರಾತ್ರಿಗಳೇ ಅವರನ್ನು ಹಣ್ಣು ಮಾಡುವುದು. ಬೆಳಗಾದರೆ ಗಾಜಿನ ಮೇಲೆ ನೀರು ಗೆರೆಗೆರೆಯಾಗಿ ಇಳಿಯುತ್ತಿರುತ್ತದೆ, ಹಾಸಿಗೆಯ ತಳ ಒದ್ದೆ, ಕಪಾಟಿನ ಮೂಲೆಯಲ್ಲಿ ಬೂಸ್ಟಿನ ವಾಸನೆ. ಹೊರಗಿನ ಚಳಿ ಬಾರದಿರಲೆಂದು ಸಂದುಗೊಂದು ಮುಚ್ಚಿದವರು ಒಳಗಿನ ನೀರಿನ ದಾರಿಯನ್ನೂ ಮುಚ್ಚಿರುತ್ತಾರೆ. ಬೆಚ್ಚಗಿರಬೇಕಾದರೆ ಕಿಂಡಿಯನ್ನು ತುಸು ತೆರೆದೇ ಮಲಗಬೇಕು ಎಂಬುದು ಕೇಳಲು ಕುಚೋದ್ಯದಂತಿದೆ, ನಿಜ. ಲೆಕ್ಕ ಹಾಕಿದರೆ ಅದೇ ಸರಿ.

ಈ ನೀರು ಎಲ್ಲಿಂದ ಬಂತೆಂದು ಚಾವಣಿಯ ಸೋರಿಕೆ ಹುಡುಕುವವರಿದ್ದಾರೆ. ಬಹುಪಾಲು ಅದು ಮಲಗಿದವರದೇ. ನಿದ್ದೆಯಲ್ಲಿರುವ ವಯಸ್ಕರೊಬ್ಬರ ಉಸಿರಿನಿಂದ, ಚರ್ಮದಿಂದ ಗಂಟೆಗೆ ಸುಮಾರು 40 ಗ್ರಾಂ ನೀರಾವಿ ಹೊರಬರುತ್ತದೆ. ಇಬ್ಬರು ಎಂಟು ಗಂಟೆ ಮಲಗಿದರೆ ಅರ್ಧ ಲೀಟರಿಗೂ ಹೆಚ್ಚು. ಎದ್ದು ನಿಲ್ಲುವಷ್ಟು ಎತ್ತರದ ದೊಡ್ಡ ವ್ಯಾನಿನಲ್ಲೂ ಇರುವ ಗಾಳಿ ಹತ್ತು ಹನ್ನೆರಡು ಘನಮೀಟರ್ ಅಷ್ಟೆ. 20 ಡಿಗ್ರಿಯಲ್ಲಿ ಒಂದು ಘನಮೀಟರ್ ಗಾಳಿ ಹೆಚ್ಚೆಂದರೆ 17 ಗ್ರಾಂ ಆವಿ ಹಿಡಿಯುತ್ತದೆ. ಇಡೀ ವ್ಯಾನಿಗೆ 200 ಗ್ರಾಂ. ಮಿಕ್ಕಿದ್ದು ಎಲ್ಲಾದರೂ ಇಳಿಯಲೇಬೇಕು, ಇಳಿಯುವುದು ತಣ್ಣಗಿನ ಜಾಗದಲ್ಲಿ. ಒಳಗಿನ ಗಾಳಿ 20 ಡಿಗ್ರಿ ಇದ್ದು ತೇವಾಂಶ ಶೇ 60 ಇದ್ದರೆ, 12 ಡಿಗ್ರಿಗಿಂತ ತಣ್ಣಗಿರುವ ಯಾವುದನ್ನು ಸೋಕಿದರೂ ಆವಿ ಹನಿಗಟ್ಟುತ್ತದೆ, ತಣ್ಣನೆಯ ಮಜ್ಜಿಗೆ ಲೋಟದ ಹೊರಮೈ ಬೆವರುವ ಹಾಗೆ. ವ್ಯಾನಿನ ಗಾಜು, ಉಕ್ಕಿನ ತಗಡು, ಹಲಗೆಗೆ ಅಂಟಿಕೊಂಡ ಹಾಸಿಗೆಯ ತಳ ಎಲ್ಲವೂ ಈ ಲೆಕ್ಕಕ್ಕೆ ಬರುತ್ತವೆ. ತುಪ್ಪುಳ ತುಂಬಿದ ಸ್ಲೀಪಿಂಗ್ ಬ್ಯಾಗ್ ತೇವ ಕುಡಿದರೆ ಉಬ್ಬು ಕಳೆದುಕೊಳ್ಳುತ್ತದೆ. ಉಬ್ಬು ಹೋದರೆ ಕಾವೂ ನಿಲ್ಲದು. ಹೊರಗೆ ಅಷ್ಟೇ ಚಳಿ ಇದ್ದರೂ ಮೂರನೆಯ ರಾತ್ರಿ ಮೊದಲನೆಯದಕ್ಕಿಂತ ಹೆಚ್ಚು ನಡುಗಿಸುವುದು ಹೀಗೆ.

ಮಲೆನಾಡಿನವರು ಇಲ್ಲಿ ಒಂದು ತಕರಾರು ಎತ್ತಬಹುದು: ಹೊರಗೇ ಮಳೆ ಹಿಡಿದಿರುವಾಗ ಕಿಟಕಿ ತೆರೆದರೆ ತೇವ ಒಳಗೆ ಬರುವುದಿಲ್ಲವೇ? ಆಗುಂಬೆಯ ಜುಲೈಗೆ ಈ ಮಾತು ನೂರಕ್ಕೆ ನೂರು ಒಪ್ಪುತ್ತದೆ. ಅಲ್ಲಿ 22 ಡಿಗ್ರಿಯ ತೊಯ್ದ ಗಾಳಿಯಲ್ಲಿ ಘನಮೀಟರಿಗೆ 18 ಗ್ರಾಂ ಆವಿ ಇರುತ್ತದೆ. ಕಿಟಕಿ ತೆರೆದಿಟ್ಟರೆ ಡಬ್ಬಿಯ ಉಪ್ಪು ನೀರೊಡೆಯುತ್ತದೆ, ಹಪ್ಪಳ ಮೆತ್ತಗಾಗುತ್ತದೆ. ಸ್ಕಾಟ್ಲೆಂಡಿನ ಜನವರಿಯ ಮಾತೇ ಬೇರೆ. 2 ಡಿಗ್ರಿಯ ಗಾಳಿ ಎಷ್ಟೇ ತೊಯ್ದಿದ್ದರೂ ಅದರಲ್ಲಿರುವುದು ಘನಮೀಟರಿಗೆ ಐದು ಗ್ರಾಂ ಚಿಲ್ಲರೆ. ಅದನ್ನೇ ಒಳಗೆ ತಂದು 18 ಡಿಗ್ರಿಗೆ ಕಾಯಿಸಿದರೆ ಅದರ ತೇವಾಂಶ ಶೇ 35ರ ಹತ್ತಿರಕ್ಕೆ ಇಳಿಯುತ್ತದೆ. ಒದ್ದೆಯೆಂದು ಕಂಡ ಗಾಳಿ ಒಳಬಂದು ಬೆಚ್ಚಗಾದ ಮೇಲೆ ಒಣ ಬಟ್ಟೆಯಂತೆ ನೀರು ಹೀರುತ್ತದೆ. ನಮ್ಮ ಮಳೆಗಾಲ ಕಲಿಸಿದ ಬುದ್ಧಿಯಲ್ಲಿ ತಪ್ಪಿಲ್ಲ, ಅದು ಆ ಊರಿಗೆ ಹೊಂದುವುದಿಲ್ಲ ಅಷ್ಟೆ.

ಇನ್ನೊಂದು ತಕರಾರು ಇದಕ್ಕಿಂತ ಗಟ್ಟಿ. ಡೀಸೆಲ್ ಸುಟ್ಟು ಪಡೆದ ಕಾವನ್ನು ಕಿಂಡಿಯಿಂದ ಹೊರಗೆ ಬಿಡುವುದೇ? ಬಿಡುವ ಕಾವು ಎಷ್ಟು ಎಂಬುದನ್ನು ನೋಡಬೇಕು. ಹೊರಗೆ ಸೊನ್ನೆ, ಒಳಗೆ 18 ಡಿಗ್ರಿ ಇರುವಾಗ ಗಂಟೆಗೆ 20 ಘನಮೀಟರ್ ಗಾಳಿ ಬದಲಾದರೆ ಇಬ್ಬರು ಬಿಟ್ಟ ಆವಿ ಹೆಚ್ಚುಕಡಿಮೆ ಪೂರ್ತಿ ಹೊರಗೆ ಹೋಗುತ್ತದೆ. ಆ ಗಾಳಿಯನ್ನು ಕಾಯಿಸಲು ತಗಲುವುದು ಸುಮಾರು 120 ವಾಟ್. ವ್ಯಾನುಗಳಲ್ಲಿ ಕೂರಿಸುವ ಸಣ್ಣ ಡೀಸೆಲ್ ಹೀಟರಿನ ತಾಕತ್ತೇ 2,000 ವಾಟ್. ಮಲಗಿದ ಮನುಷ್ಯನ ಮೈಯೂ 70-80 ವಾಟ್ ಕಾವು ಬಿಡುತ್ತಿರುತ್ತದೆ, ಅದರಲ್ಲಿ ಒಂದು ಪಾಲು ಆವಿಯ ಜೊತೆಗೇ ಹೋಗುತ್ತದೆಂಬುದು ಬೇರೆ ಮಾತು. ಒಣ ಹಾಸಿಗೆಗೆ ಇದು ದುಬಾರಿ ಬೆಲೆಯಲ್ಲ. ಕಿಟಕಿಯನ್ನು ಹಾರು ಹೊಡೆದಿಡಬೇಕೆಂದೂ ಅಲ್ಲ. ಕೆಳಗೊಂದು ಸಣ್ಣ ಕಿಂಡಿ, ಚಾವಣಿಯಲ್ಲೊಂದು. ಬಿಸಿ ಗಾಳಿ ತಾನಾಗಿ ಮೇಲೇರಿ ಹೋಗುತ್ತದೆ, ಕೆಳಗಿನಿಂದ ಹೊಸದು ಬರುತ್ತದೆ.

ಹೀಟರ್ ದುಬಾರಿಯೆಂದು ಅಡುಗೆಯ ಗ್ಯಾಸ್ ಒಲೆ ಹೊತ್ತಿಸಿ ಚಳಿ ಕಾಯಿಸಿಕೊಳ್ಳುವವರು ಮಾತ್ರ ಎರಡು ಬಗೆಯಲ್ಲಿ ಕೆಡುತ್ತಾರೆ. ಒಂದು ಕಿಲೋ ಪ್ರೊಪೇನ್ ಉರಿದರೆ ಹುಟ್ಟುವ ನೀರು ಒಂದು ಕಿಲೋ 600 ಗ್ರಾಂ. ಉರಿಯುವುದರಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದೊಂದಿಗೆ ಸೇರಿ ನೀರಾಗುವುದರಿಂದ, ಸುಟ್ಟದ್ದಕ್ಕಿಂತ ನೀರೇ ಹೆಚ್ಚು ತೂಗುತ್ತದೆ. ಡೀಸೆಲ್ ಹೀಟರಿನಲ್ಲೂ ನೀರು ಹುಟ್ಟುತ್ತದೆ, ಆದರೆ ಅದು ಉರಿಯಲು ಬೇಕಾದ ಗಾಳಿಯನ್ನು ಹೊರಗಿನಿಂದ ಎಳೆದು ಹೊಗೆಯನ್ನು ಕೊಳವೆಯಲ್ಲಿ ಹೊರಗೇ ಉಗುಳುತ್ತದೆ. ಒಳಗೆ ಬರುವುದು ಒಣ ಕಾವು. ಲಡಾಖಿನ ಬುಖಾರಿ ಒಲೆಗೂ ಇಂಥದೇ ಹೊಗೆಕೊಳವೆ ಇದೆ. ಎರಡನೆಯದು ಜೀವದ ಪ್ರಶ್ನೆ. ಮುಚ್ಚಿದ ಜಾಗದಲ್ಲಿ ಒಲೆಯೋ ಇದ್ದಿಲಿನ ಅಗ್ಗಿಷ್ಟಿಕೆಯೋ ಅರೆಬರೆ ಉರಿದರೆ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರನ್ನು ಅದು ಎಬ್ಬಿಸುವುದೂ ಇಲ್ಲ. ಅದನ್ನು ಗುರುತಿಸಿ ಕೂಗುವ ಅಲಾರಂ ಇಲ್ಲದೆ ವ್ಯಾನಿನಲ್ಲಿ ಮಲಗುವುದು ಮೂರ್ಖತನ.

ಗೋಡೆಗೆ ಫೋಮ್ ಹಾಸಿದರೆ, ಗಾಜಿಗೆ ಪರದೆ ಹಾಕಿದರೆ ಸಾಲದೇ? ಬೇಕು, ಆದರೆ ಅವು ನೀರನ್ನು ಹೊರಹಾಕುವುದಿಲ್ಲ, ಅದು ಕೂರುವ ಜಾಗ ಬದಲಿಸುತ್ತವೆ. ಗಾಜಿನ ಒಳಬದಿಗೆ ದಪ್ಪ ಪರದೆ ಒತ್ತಿದರೆ ಕೋಣೆ ಬೆಚ್ಚಗಾಗುತ್ತದೆ, ಗಾಜು ಇನ್ನಷ್ಟು ತಣ್ಣಗಾಗುತ್ತದೆ. ಪರದೆಯ ಹಿಂದೆ ಕಾಣದ ನೀರು ಸೇರುತ್ತದೆ. ಅದೇ ಹೊದಿಕೆಯನ್ನು ಹೊರಗಿನಿಂದ ಹಾಕಿದರೆ ಗಾಜೇ ಬೆಚ್ಚಗಿರುತ್ತದೆ, ಮಳೆಯಲ್ಲಿ ಹೊರಗಿಳಿದು ಕಟ್ಟುವ ಬೇಸರವೊಂದನ್ನು ಬಿಟ್ಟರೆ. ತೇವ ಹೀರುವ ಹರಳಿನ ಡಬ್ಬಿಗಳು ರಾತ್ರಿಯ ಅರ್ಧ ಲೀಟರಿನ ಮುಂದೆ ಯಾವ ಮೂಲೆಗೆ? ಯುರೋಪಿನಲ್ಲಿ ತಯಾರಾಗುವ ಕ್ಯಾರವಾನ್‌ಗಳಿಗೆ ಇಎನ್ 721 ಎಂಬ ಮಾನದಂಡವಿದೆ. ಅದರ ಪ್ರಕಾರ ಮೇಲೂ ಕೆಳಗೂ ಸದಾ ತೆರೆದೇ ಇರುವ ಗಾಳಿಕಿಂಡಿಗಳು ಇರಬೇಕು. ಚಳಿ ಏರುತ್ತಿದ್ದಂತೆ ಜನ ಹುಡುಕಿ ಹುಡುಕಿ ಟವೆಲ್ ತುರುಕುವುದು ಅವಕ್ಕೇ.