ವಂಶವಾಹಿಯೂ ಉಣ್ಣುವ ಅನ್ನವೂ

ಶರೀರವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ಕೆಲವೊಮ್ಮೆ ಸ್ವಂತ ಅಂಗಗಳ ಮೇಲೆ ತಿರುಗಿಬೀಳುವುದುಂಟು. ಬೇಲಿಯೇ ಎದ್ದು ಹೊಲ ಮೇಯ್ದಂತಹ ಈ ವಿಪರೀತಕ್ಕೆ ಸ್ವಪ್ರತಿರಕ್ಷಾ ರೋಗವೆಂದು ಹೆಸರು.

ಸೀಲಿಯಾಕ್ ರೋಗವು ಇದಕ್ಕೊಂದು ನಿದರ್ಶನ. ಗೋಧಿ, ಬಾರ್ಲಿಗಳಲ್ಲಿರುವ ಗ್ಲುಟೆನ್ ಎಂಬ ಅಂಟಾದ ಸಸಾರಜನಕವು ಈ ರೋಗಿಗಳಿಗೆ ಸಲ್ಲದು. ಆರನೆಯ ವರ್ಣತಂತುವಿನ ಕೆಲವು ವಂಶವಾಹಿಗಳು, ಆಹಾರದ ತುಣುಕುಗಳನ್ನು ರಕ್ಷಣಾಕೋಶಗಳಿಗೆ ತೋರಿಸಿಕೊಡುವ ಅಣುಗಳನ್ನು ರೂಪಿಸುತ್ತವೆ. ಅವುಗಳಲ್ಲಿ ಡಿಕ್ಯೂ 2, ಡಿಕ್ಯೂ 8 ಎಂಬ ಪ್ರಭೇದಗಳು ಗ್ಲುಟೆನ್ನಿನ ತುಣುಕನ್ನು ಬಿಗಿಯಾಗಿ ಹಿಡಿದು ತೋರಿಸುವುದರಿಂದ ರಕ್ಷಣಾಕೋಶಗಳು ಕೆರಳಿ, ಸಣ್ಣ ಕರುಳಿನ ಒಳಪದರವನ್ನೇ ಕೆಡಿಸುತ್ತವೆ.

ಹಾಗೆಂದು ವಂಶವಾಹಿಯೇ ಹಣೆಬರಹವಲ್ಲ. 2016ರಲ್ಲಿ ಪ್ರಕಟವಾದ ಭಾರತೀಯ ಸಮೀಕ್ಷೆಯಂತೆ ಈ ಪ್ರಭೇದಗಳು ಉತ್ತರದಲ್ಲಿ ನೂರಕ್ಕೆ 38, ದಕ್ಷಿಣದಲ್ಲಿ 36 ಮಂದಿಯಲ್ಲಿದ್ದವು. ಆದರೆ ರೋಗಸೂಚಕ ಪ್ರತಿಕಾಯಗಳು ಕಂಡುಬಂದುದು ಉತ್ತರದಲ್ಲಿ ನೂರಕ್ಕೆ 1.23, ದಕ್ಷಿಣದಲ್ಲಿ 0.10 ಪ್ರಮಾಣದಲ್ಲಿ. ದಿನದ ಗೋಧಿಯ ಸೇವನೆ ಉತ್ತರದಲ್ಲಿ ಸರಾಸರಿ 455 ಗ್ರಾಂ, ದಕ್ಷಿಣದಲ್ಲಿ 25 ಗ್ರಾಂ. ಈಶಾನ್ಯದಲ್ಲಿ ಗೋಧಿ 37 ಗ್ರಾಂ ಮಾತ್ರವಿದ್ದರೂ ಪ್ರತಿಕಾಯಗಳ ಪ್ರಮಾಣ 0.87 ಆಗಿತ್ತು. ಆದುದರಿಂದ ಗೋಧಿಯೊಂದನ್ನೇ ಹೊಣೆಮಾಡುವಂತಿಲ್ಲ; ಅನ್ಯ ಕಾರಣಗಳೂ ಕೂಡಿಕೊಂಡಿರಬೇಕು.

ಉಂಡದ್ದು ಮೈಗೆ ಹತ್ತದೆ ಮಗು ಸೊರಗಿದಾಗ ಮನೆಯವರು ಕುಲವನ್ನು ಹಳಿಯುವುದೂ, ಉಪಾಧ್ಯಾಯರು ಸೋಮಾರಿಯೆಂದು ಗದರುವುದೂ ತರವಲ್ಲ. ವೈದ್ಯರಲ್ಲಿ ರಕ್ತಪರೀಕ್ಷೆ ಮಾಡಿಸಬೇಕು. ಅದಕ್ಕೆ ಮುನ್ನವೇ ಗೋಧಿಯನ್ನು ಬಿಡಿಸಿದರೆ ಪರೀಕ್ಷೆಗೆ ರೋಗವು ಸಿಕ್ಕದೆ ಹೋಗಬಹುದು. ರೋಗ ದೃಢಪಟ್ಟಲ್ಲಿ ಆಜೀವ ಪಥ್ಯವೇ ಮದ್ದು. ಪಥ್ಯದಿಂದ ಕರುಳು ಮರಳಿ ಚೇತರಿಸಿಕೊಳ್ಳುತ್ತದೆ. ಜೋಳ, ರಾಗಿ, ನವಣೆ, ಅಕ್ಕಿಗಳಲ್ಲಿ ಈ ಗ್ಲುಟೆನ್ ಇಲ್ಲ. ಗೋಧಿಯ ಹಿಟ್ಟು ಬೆರೆಯದಂತೆ ಎಚ್ಚರವಹಿಸಿದರೆ, ಆ ಪಥ್ಯವು ಕನ್ನಡ ನಾಡಿನ ಅಡುಗೆಮನೆಯಲ್ಲಿಯೇ ಸಿದ್ಧವಾಗಿದೆ.